ಮಾಸು ಕೆಳಗಿದೆ ಅಂದರೇನು? ಪ್ಲಾಸೆಂಟಾ ಪ್ರೀವಿಯಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುವವಳು ನಾನು. ಐದನೇ ತಿಂಗಳ ಸ್ಕ್ಯಾನ್ ಮುಗಿಸಿ ಬಂದ ಹೆಣ್ಣುಮಗಳು ರಿಪೋರ್ಟನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲೇ ನಿಂತಳೆಂದರೆ ಮುಂದಿನ ಮಾತು ಏನೆಂದು ಸಾಮಾನ್ಯವಾಗಿ ಗೊತ್ತಾಗಿಬಿಡುತ್ತದೆ: "ಸಿಸ್ಟರ್, ಕಸ ಕೆಳಗೈತಂತ. ಕೂಸಿಗೆ ಏನೂ ಆಗಂಗಿಲ್ಲಲ್ಲ?" ಹೀಗೆ ಕೇಳುವವರಿಗೆ ನಾನು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಗರ್ಭಿಣಿ ಓದಿದರೆ ಒಳ್ಳೆಯದು. ಅವಳ ಗಂಡ, ಅತ್ತೆ, ತಾಯಿ ಓದಿದರೆ ಇನ್ನೂ ಒಳ್ಳೆಯದು, ಏಕೆಂದರೆ ರಾತ್ರಿ ಎರಡು ಗಂಟೆಗೆ ಗಾಡಿ ತರಿಸುವವರು ಅವರು.

ಮಾಸು ಅಂದರೆ ಏನು? ಅದು ಕೆಳಗಿದ್ದರೆ ತೊಂದರೆ ಏನು?

ಮಗುವಿಗೆ ಉಸಿರು, ಅನ್ನ, ನೀರು ಎಲ್ಲವೂ ತಾಯಿಯ ರಕ್ತದಿಂದ ಹೋಗುವುದು ಮಾಸಿನ ಮೂಲಕ. ಕೆಲವರು ಕಸ ಅನ್ನುತ್ತಾರೆ, ಪುಸ್ತಕದಲ್ಲಿ ಜರಾಯು, ಡಾಕ್ಟರ ಬಾಯಲ್ಲಿ ಪ್ಲಾಸೆಂಟಾ. ಮಗು ಹುಟ್ಟಿದ ಮೇಲೆ ಕೊನೆಗೆ ಬೀಳುವುದು ಅದೇ. ಹೆಚ್ಚಿನವರಲ್ಲಿ ಅದು ಗರ್ಭಕೋಶದ ಮೇಲ್ಭಾಗದಲ್ಲಿ, ಹಿಂದೆಯೋ ಮುಂದೆಯೋ ಅಂಟಿಕೊಂಡಿರುತ್ತದೆ. ಕೆಲವರಲ್ಲಿ ಕೆಳಗೆ, ಗರ್ಭಕೋಶದ ಬಾಯಿಯ ಮೇಲೆಯೇ ಬೇರು ಬಿಟ್ಟಿರುತ್ತದೆ. ಮಗು ಹೊರಗೆ ಬರುವ ಬಾಗಿಲಿಗೆ ಅಡ್ಡಲಾಗಿ ಕೂತಿರುವ ಈ ಸ್ಥಿತಿಗೇ ಪ್ಲಾಸೆಂಟಾ ಪ್ರೀವಿಯಾ ಎನ್ನುವುದು. ದಿನ ತುಂಬುವ ಹೊತ್ತಿಗೆ ಸುಮಾರು 200 ಗರ್ಭಿಣಿಯರಲ್ಲಿ ಒಬ್ಬರಿಗೆ ಇದು ಇರುತ್ತದೆ.

ಆ ಬಾಯಿ ಹೆರಿಗೆ ಸಮೀಪಿಸಿದಂತೆ ಮೆತ್ತಗಾಗುತ್ತದೆ, ಅಗಲಿಸಲು ಶುರುಮಾಡುತ್ತದೆ. ಮೇಲೆ ಅಂಟಿರುವ ಮಾಸಿಗೆ ಅದರ ಜೊತೆ ಅಗಲಿಸಲು ಬರುವುದಿಲ್ಲ, ಅಂಚು ಬಿಟ್ಟುಕೊಳ್ಳುತ್ತದೆ, ಅಲ್ಲಿಂದ ರಕ್ತ ಹೋಗುತ್ತದೆ. ದಿನ ತುಂಬಿದ ಗರ್ಭಕೋಶದಲ್ಲಿ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ನಾವು ಇಷ್ಟು ಅವಸರ ಮಾಡುವುದು ಅದಕ್ಕೇ.

ರಿಪೋರ್ಟಿನಲ್ಲಿ 'ಲೋ ಲೈಯಿಂಗ್' ಅಂತಿದೆ, 'ಪ್ರೀವಿಯಾ' ಅಂತಿಲ್ಲ. ಎರಡೂ ಒಂದೇನಾ?

ಒಂದೇ ಅಲ್ಲ. ಮಾಸು ಗರ್ಭಕೋಶದ ಒಳಬಾಯಿಯನ್ನು ಮುಚ್ಚಿದ್ದರೆ ಅದು ಪ್ರೀವಿಯಾ. ಬಾಯಿಯನ್ನು ಮುಚ್ಚಿಲ್ಲ, ಆದರೆ ಅದರ ಅಂಚು ಬಾಯಿಯಿಂದ 20 ಮಿಲಿಮೀಟರಿಗಿಂತ ಹತ್ತಿರ ಇದೆ ಅಂದರೆ ಲೋ ಲೈಯಿಂಗ್. ಹಳೆಯ ರಿಪೋರ್ಟುಗಳಲ್ಲಿ ಗ್ರೇಡ್ 1ರಿಂದ 4ರವರೆಗೆ ಬರೆಯುತ್ತಿದ್ದರು, ಈಗಲೂ ಕೆಲವರು ಬರೆಯುತ್ತಾರೆ. 3 ಮತ್ತು 4 ಅಂದರೆ ಬಾಯಿಯ ಮೇಲೆ ಬಂದಿದೆ ಅಂತ ತಿಳಿಯಿರಿ. ಎಷ್ಟು ಮಿಲಿಮೀಟರ್ ಅಂತ ಬರೆದಿಲ್ಲದಿದ್ದರೆ ಡಾಕ್ಟರನ್ನು ಕೇಳಿ, ಮುಂದಿನ ತೀರ್ಮಾನಕ್ಕೆಲ್ಲ ಆ ಅಂಕಿಯೇ ಆಧಾರ.

ಇನ್ನೊಂದು ಗೊಂದಲ ಇಲ್ಲೇ ತೀರಿಸುತ್ತೇನೆ. 'ಆಂಟೀರಿಯರ್ ಪ್ಲಾಸೆಂಟಾ' ಅಂತ ಓದಿ ಅಳುತ್ತಾ ಬಂದವರನ್ನು ನೋಡಿದ್ದೇನೆ. ಆಂಟೀರಿಯರ್ ಅಂದರೆ ಮುಂದಿನ ಗೋಡೆ, ಪೋಸ್ಟೀರಿಯರ್ ಅಂದರೆ ಹಿಂದಿನ ಗೋಡೆ. ಎರಡೂ ಸಹಜ. ನೋಡಬೇಕಾದ್ದು ಅದು ಎಷ್ಟು ಕೆಳಗೆ ಬಂದಿದೆ ಎನ್ನುವುದನ್ನು.

ಐದನೇ ತಿಂಗಳಲ್ಲಿ ಕೆಳಗಿದೆ ಅಂದರು. ಮೇಲಕ್ಕೆ ಹೋಗುತ್ತಾ?

ಹೆಚ್ಚಿನವರಲ್ಲಿ ಹೋಗುತ್ತದೆ. 18ರಿಂದ 20ನೇ ವಾರದ ಸ್ಕ್ಯಾನಿನಲ್ಲಿ ಮಾಸು ಕೆಳಗಿದೆ ಎಂದು ಕಂಡವರಲ್ಲಿ 10ರಲ್ಲಿ 9 ಮಂದಿಗೆ ದಿನ ತುಂಬುವ ಹೊತ್ತಿಗೆ ಅದು ಬಾಯಿಂದ ದೂರ ಸರಿದಿರುತ್ತದೆ. ನಿಜವಾಗಿ ಮಾಸು ನಡೆದುಕೊಂಡು ಹೋಗುವುದಿಲ್ಲ. ಸಜ್ಜೆ ರೊಟ್ಟಿ ತಟ್ಟುವಾಗ ಅಂಚಿನ ಹತ್ತಿರ ಒಂದು ಎಳ್ಳು ಅಂಟಿದೆ ಅಂದುಕೊಳ್ಳಿ. ಅಂಚನ್ನು ತಟ್ಟುತ್ತಾ ಹೋದಂತೆ ರೊಟ್ಟಿ ಹಿಗ್ಗುತ್ತದೆ. ಎಳ್ಳು ಅಂಟಿದಲ್ಲೇ ಅಂಟಿಕೊಂಡಿರುತ್ತದೆ, ಅಂಚು ಮಾತ್ರ ದೂರ ಹೋಗುತ್ತದೆ. ಏಳನೇ ತಿಂಗಳ ನಂತರ ಗರ್ಭಕೋಶದ ಕೆಳಭಾಗ ಹೀಗೆಯೇ ಉದ್ದವಾಗುತ್ತದೆ.

ಆದರೆ ಬಾಯಿಯನ್ನು ಪೂರ್ತಿ ಮುಚ್ಚಿ ಆಚೆ ಬದಿಗೂ ಚಾಚಿಕೊಂಡಿದ್ದರೆ, ಅಥವಾ ಹಿಂದೆ ಸಿಸೇರಿಯನ್ ಆಗಿದ್ದರೆ, ಸರಿಯುವ ಸಾಧ್ಯತೆ ಕಡಿಮೆ. ಅದಕ್ಕಾಗಿ 32ನೇ ವಾರದ ಸುಮಾರಿಗೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಲೇಬೇಕು. ಆಗಲೂ ಕೆಳಗಿದ್ದರೆ 36ರ ಹೊತ್ತಿಗೆ ಇನ್ನೊಂದು. 'ತಾನೇ ಮೇಲೆ ಹೋಗುತ್ತೆ ಅಂದರು' ಅಂತ ಆ ಎರಡನೇ ಸ್ಕ್ಯಾನನ್ನೇ ಬಿಟ್ಟುಬಿಡುವವರು ಬಹಳ. ದಯವಿಟ್ಟು ಬಿಡಬೇಡಿ.

ಅದು ಮೇಲೆ ಹೋಗಲು ನಾನೇನಾದರೂ ಮಾಡಬಹುದಾ?

ಇಲ್ಲ. ಸೊಂಟದ ಕೆಳಗೆ ದಿಂಬಿಟ್ಟು ಮಲಗುವುದು, ಕಾಲನ್ನು ಗೋಡೆಗೆ ಎತ್ತಿಡುವುದು, ಎಡಮಗ್ಗುಲಲ್ಲೇ ಇರುವುದು, ಯಾವುದೂ ಮಾಸನ್ನು ಸರಿಸುವುದಿಲ್ಲ. ಗುಳಿಗೆಯೂ ಇಲ್ಲ, ಕಷಾಯವೂ ಇಲ್ಲ. ಅದಕ್ಕೆ ಬೇಸರ ಬೇಡ. ಸರಿಯದೇ ಹೋದರೆ ಅದು ನೀವು ಸರಿಯಾಗಿ ಮಲಗದ ತಪ್ಪಲ್ಲ ಅಂತಲೂ ಇದರ ಅರ್ಥ.

ನನಗೇ ಯಾಕೆ ಹೀಗಾಯ್ತು? ಪಪ್ಪಾಯಿ ತಿಂದಿದ್ದಕ್ಕಾ, ಸ್ಕೂಟರ್ ಓಡಿಸಿದ್ದಕ್ಕಾ?

ಎರಡಕ್ಕೂ ಸಂಬಂಧವಿಲ್ಲ. ಮಾಸು ಎಲ್ಲಿ ಅಂಟಬೇಕು ಎನ್ನುವುದು ನಿಮಗೆ ಬಸಿರು ಅಂತ ಗೊತ್ತಾಗುವ ಮೊದಲೇ ತೀರ್ಮಾನವಾಗಿರುತ್ತದೆ. ಹಿಂದಿನ ಸಿಸೇರಿಯನ್, ಗರ್ಭಕೋಶ ತೊಳೆಸಿದ್ದು, ಗಡ್ಡೆ ತೆಗೆಸಿದ್ದು, 35 ದಾಟಿದ ವಯಸ್ಸು, ಹಲವು ಹೆರಿಗೆ, ಅವಳಿ ಮಕ್ಕಳು, ಐವಿಎಫ್, ಧೂಮಪಾನ ಇದ್ದರೆ ಸಾಧ್ಯತೆ ಹೆಚ್ಚು. ಇದ್ಯಾವುದೂ ಇಲ್ಲದ ಚೊಚ್ಚಲು ಬಸುರಿಗೂ ಆಗುತ್ತದೆ.

ಒಳಗಿನಿಂದ ಸ್ಕ್ಯಾನ್ ಮಾಡಬೇಕು ಅಂದರು. ಮಾಸಿಗೆ ತಾಗಿ ರಕ್ತ ಹೋಗುವುದಿಲ್ಲವಾ?

ಈ ಭಯ ಸಹಜ, ಆದರೆ ಬೇಕಿಲ್ಲ. ಯೋನಿಯ ಮೂಲಕ ಮಾಡುವ ಸ್ಕ್ಯಾನಿನ ಕಡ್ಡಿ ಗರ್ಭಕೋಶದ ಬಾಯೊಳಗೆ ಹೋಗುವುದಿಲ್ಲ. ಅದು ಸುರಕ್ಷಿತ ಮಾತ್ರವಲ್ಲ, ಹೊಟ್ಟೆಯ ಮೇಲಿನ ಸ್ಕ್ಯಾನಿಗಿಂತ ನಿಖರ. ಮೂತ್ರಚೀಲ ತುಂಬಿದ್ದಾಗ ಹೊಟ್ಟೆಯ ಮೇಲಿಂದ ನೋಡಿದರೆ ಕೆಳಗಿಲ್ಲದ ಮಾಸೂ ಕೆಳಗಿದ್ದಂತೆ ಕಾಣುವುದುಂಟು.

ಮಾಡಬಾರದ್ದು ಬೇರೆ ಇದೆ: ಬೆರಳು ಹಾಕಿ ನೋಡುವ ಒಳಪರೀಕ್ಷೆ. ಬೆರಳು ಬಾಯೊಳಗೆ ಹೋಗಿ ಮಾಸಿಗೆ ತಾಗಿದರೆ ತಡೆಯಲಾಗದಷ್ಟು ರಕ್ತ ಹೋಗಬಹುದು. ಪರಿಚಯವಿಲ್ಲದ ಆಸ್ಪತ್ರೆಗೆ ಅವಸರದಲ್ಲಿ ಹೋಗಬೇಕಾಗಿ ಬಂದರೆ ಬಾಗಿಲಲ್ಲೇ ಹೇಳಿ: "ನನ್ನ ಮಾಸು ಕೆಳಗಿದೆ, ಒಳಪರೀಕ್ಷೆ ಮಾಡಬೇಡಿ." ಜೊತೆಯಲ್ಲಿ ಬರುವವರಿಗೂ ಈ ಮಾತನ್ನು ಬಾಯಿಪಾಠ ಮಾಡಿಸಿ. ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಸಿಕೊಳ್ಳಿ.

ರಕ್ತ ಹೋದರೆ ಹೇಗಿರುತ್ತದೆ? ನೋವು ಬರುತ್ತದಾ?

ಸಾಮಾನ್ಯವಾಗಿ ನೋವು ಬರುವುದಿಲ್ಲ. ಎಲ್ಲರೂ ಮೋಸ ಹೋಗುವುದು ಇಲ್ಲೇ.

ಒಂದು ಬೆಳಗಿನ ಜಾವ ಟೆಂಪೋದಲ್ಲಿ ಒಬ್ಬ ಹುಡುಗಿಯನ್ನು ಕರೆತಂದರು. ಸೀಟಿನ ಮೇಲೆ ಗೊಬ್ಬರದ ಚೀಲ ಬಿಡಿಸಿ ಹಾಸಿದ್ದರು, ಅದರ ಮೇಲೆ ಒಂದು ಹಳೆಯ ಕೌದಿ. ಕೌದಿ ತೋಯ್ದು ಭಾರವಾಗಿತ್ತು. ಹುಡುಗಿಯ ತುಟಿ ಬೆಳ್ಳಗೆ. ರಾತ್ರಿ ಹತ್ತಕ್ಕೇ ಶುರುವಾಗಿತ್ತಂತೆ. "ಬ್ಯಾನಿ ಇರಲಿಲ್ರೀ, ಅದಕ್ಕ ಬೆಳಕ ಹರೀಲಿ ಅಂದ್ವಿ" ಅಂದರು ಅವಳ ತಾಯಿ. ತಾಯಿ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕಾಗಿ ಮಡಚಿದ ಸ್ಕ್ಯಾನ್ ರಿಪೋರ್ಟ್ ಇತ್ತು. ಐದನೇ ತಿಂಗಳಲ್ಲಿ ಮಾಡಿಸಿದ್ದು. ಮಾಸು ಬಾಯಿಯನ್ನು ಮುಚ್ಚಿದೆ, ಮತ್ತೆ ಸ್ಕ್ಯಾನ್ ಮಾಡಿಸಿ ಅನ್ನುವ ಸಾಲಿನ ಕೆಳಗೆ ಯಾರೋ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಮತ್ತೆ ಸ್ಕ್ಯಾನ್ ಆಗಿರಲಿಲ್ಲ. ಹುಡುಗಿ ಉಳಿದಳು, ಮಗುವೂ ಉಳಿಯಿತು. ಆ ರಾತ್ರಿ ಅವಳ ಗುಂಪಿನ ರಕ್ತ ಆಸ್ಪತ್ರೆಯಲ್ಲೇ ಇತ್ತು, ಅದಕ್ಕೆ. ಆ ತಾಯಿಯನ್ನು ನಾನು ದೂರುವುದಿಲ್ಲ. ನೋವಿದ್ದರೆ ಆಸ್ಪತ್ರೆ, ನೋವಿಲ್ಲದಿದ್ದರೆ ಮನೆ, ಅವರಿಗೆ ಕಲಿಸಿದ್ದೇ ಅಷ್ಟು. ಮಾಸು ಕೆಳಗಿದ್ದವಳ ವಿಷಯದಲ್ಲಿ ಆ ಲೆಕ್ಕ ತಲೆಕೆಳಗಾಗುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹಾಗಾಗಿ ಗುರುತು ನೆನಪಿಡಿ. ಪ್ರೀವಿಯಾದಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ ಹಸಿಗೆಂಪು, ನೋವಿಲ್ಲದೆ, ಕಾರಣವಿಲ್ಲದೆ ಬರುತ್ತದೆ. ಮಲಗಿದ್ದಾಗ, ಬಚ್ಚಲಿಗೆ ಎದ್ದಾಗ, ಟಿವಿ ನೋಡುತ್ತಾ ಕೂತಾಗ. ಹೆಚ್ಚಾಗಿ ಏಳು ತಿಂಗಳ ಆಸುಪಾಸಿನಲ್ಲಿ ಅಥವಾ ಆಮೇಲೆ. ಇದಕ್ಕೆ ವಿರುದ್ಧವಾಗಿ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ, ತಡೆಯಲಾರದ ನೋವಿದ್ದು, ಕಪ್ಪುಗೆಂಪು ರಕ್ತ ಹೋದರೆ ಅದು ಮಾಸು ಅವಧಿಗೆ ಮುನ್ನ ಬಿಟ್ಟುಕೊಂಡಿರುವುದರ ಗುರುತು. ಅದೂ ಅಷ್ಟೇ ಅಪಾಯ. ಮನೆಯಲ್ಲಿ ಕೂತು ಯಾವುದೆಂದು ನಿರ್ಧರಿಸುವ ಕೆಲಸ ನಿಮ್ಮದಲ್ಲ, ಹೊರಡುವುದಷ್ಟೇ ನಿಮ್ಮದು.

ಸ್ವಲ್ಪ ಹೋಗಿ ತಾನೇ ನಿಂತಿತು. ನಾಳೆ ತೋರಿಸಿದರೆ ಆಗುವುದಿಲ್ಲವಾ?

ಆಗುವುದಿಲ್ಲ. ಮೊದಲ ಸಲ ಹೋಗುವುದು ಅನೇಕ ವೇಳೆ ಕಡಿಮೆಯೇ, ತಾನೇ ನಿಲ್ಲುತ್ತದೆ ಕೂಡ. ಎರಡನೇ ಸಲ ಎಷ್ಟು ಹೋಗುತ್ತದೆ, ಯಾವಾಗ ಹೋಗುತ್ತದೆ ಅಂತ ಯಾರೂ ಹೇಳಲಾರರು. ನಿಂತಿದ್ದರೂ ಹೊರಡಿ. 108ಕ್ಕೆ ಕರೆ ಮಾಡಿ, 'ಬಸುರಿ, ಮಾಸು ಕೆಳಗಿದೆ, ರಕ್ತ ಹೋಗ್ತಿದೆ' ಅಂತ ಮೂರೂ ವಿಷಯ ಹೇಳಿ. ಒದ್ದೆಯಾದ ಪ್ಯಾಡು, ಬಟ್ಟೆ ಎಸೆಯಬೇಡಿ, ಕವರಿನಲ್ಲಿ ಹಾಕಿ ತನ್ನಿ. ಎಷ್ಟು ಹೋಗಿದೆ ಅಂತ ಬಾಯಲ್ಲಿ ಹೇಳುವುದಕ್ಕಿಂತ ಅದನ್ನು ನೋಡಿದರೆ ನಮಗೆ ಬೇಗ ಗೊತ್ತಾಗುತ್ತದೆ. ದಾರಿಯಲ್ಲಿ ಚಹಾ, ತಿಂಡಿ ಕೊಡಬೇಡಿ, ತಕ್ಷಣ ಆಪರೇಷನ್ ಬೇಕಾಗಬಹುದು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಎರಡು ಕೈಗೂ ದಪ್ಪ ಸೂಜಿ ಹಾಕಿ ದಾರಿ ಮಾಡಿಕೊಳ್ಳುತ್ತಾರೆ, ರಕ್ತದ ಗುಂಪು ನೋಡಿ ಹೊಂದಾಣಿಕೆಗೆ ಕಳಿಸುತ್ತಾರೆ, ಮಗುವಿನ ಎದೆಬಡಿತ ನೋಡುತ್ತಾರೆ. ರಕ್ತ ನಿಂತು, ದಿನ ಇನ್ನೂ ತುಂಬಿಲ್ಲದಿದ್ದರೆ ಆದಷ್ಟು ದಿನ ಕಾಯುವುದೇ ಚಿಕಿತ್ಸೆ. 34 ವಾರದೊಳಗಿದ್ದರೆ ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಡೆಕ್ಸಾಮೆಥಸೋನ್, 12 ಗಂಟೆಗೊಮ್ಮೆ ನಾಲ್ಕು ಸಲ. ಸ್ಟೀರಾಯ್ಡ್ ಅಂದಕೂಡಲೇ ಬೇಡ ಅನ್ನುವವರಿದ್ದಾರೆ. ಅವಧಿಗೆ ಮೊದಲು ಹುಟ್ಟುವ ಕೂಸು ಸರಿಯಾಗಿ ಉಸಿರಾಡಲಿ ಅಂತ ಕೊಡುವುದು ಅದು, ಖಂಡಿತ ಬೇಡ ಅನ್ನಬೇಡಿ. ನಿಮ್ಮದು ನೆಗೆಟಿವ್ ಗುಂಪಾದರೆ, ರಕ್ತ ಹೋದ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ (ಮಗುವಿನ ರಕ್ತದ ವಿರುದ್ಧ ತಾಯಿಯ ಮೈಯಲ್ಲಿ ಪ್ರತಿಕಾಯ ಹುಟ್ಟದಂತೆ ತಡೆಯುವುದು) ಬೇಕೇ ಅಂತ ನೀವಾಗಿಯೇ ಕೇಳಿ.

ರಕ್ತ ನಿಲ್ಲದಿದ್ದರೆ ವಾರ ಎಷ್ಟೇ ಆಗಿರಲಿ ಸಿಸೇರಿಯನ್ ಮಾಡುತ್ತಾರೆ. ತಾಯಿ ಉಳಿಯಬೇಕು, ಅದು ಮೊದಲು.

ಪೂರ್ತಿ ಹಾಸಿಗೆ ಹಿಡಿಯಬೇಕಾ?

ಬೇಡ. ದಿನವಿಡೀ ಮಲಗಿದ್ದರೆ ರಕ್ತ ಹೋಗುವುದು ತಪ್ಪುತ್ತದೆ ಅಂತ ಸಾಬೀತಾಗಿಲ್ಲ. ಮಲಗಿದಲ್ಲೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೇ ಹೆಚ್ಚುತ್ತದೆ. ಮನೆಯೊಳಗೆ ಓಡಾಡಿ, ಕೂತು ಮಾಡುವ ಕೆಲಸ ಮಾಡಿ. ಕೊಡ ಎತ್ತುವುದು, ಹೊಲದ ಕೆಲಸ, ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆಯುವುದು, ಗುಂಡಿ ಬಿದ್ದ ರಸ್ತೆಯಲ್ಲಿ ದೂರ ಪ್ರಯಾಣ ಬಿಡಿ. ಗಂಡ ಹೆಂಡತಿ ಕೂಡುವುದನ್ನು ಮಾಸು ಮೇಲೆ ಸರಿದಿದೆ ಅಂತ ಡಾಕ್ಟರು ಹೇಳುವವರೆಗೆ ನಿಲ್ಲಿಸಿ. ಇದನ್ನು ಕೇಳಲು ಹೆಚ್ಚಿನವರಿಗೆ ಸಂಕೋಚ, ಹಾಗಾಗಿ ಕೇಳದಿದ್ದರೂ ಹೇಳಿಬಿಡುತ್ತೇನೆ.

ಏಳನೇ ತಿಂಗಳಿಗೆ ಕುಬಸ ಮಾಡಿ ತವರಿಗೆ ಕರೆದುಕೊಂಡು ಹೋಗುತ್ತಾರೆ. ಹೋಗಬಹುದಾ?

ನನ್ನನ್ನು ಕೇಳಿದರೆ ಈ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕು ಎನ್ನುವುದು ನಮ್ಮ ಕಡೆ ಬರೀ ಸಂಪ್ರದಾಯವಲ್ಲ, ಹೆಣ್ಣುಮಗಳಿಗೆ ಅದೊಂದು ಧೈರ್ಯ. ಆ ಧೈರ್ಯ ಕಿತ್ತುಕೊಳ್ಳಲು ನನಗೂ ಮನಸ್ಸಿಲ್ಲ. ಆದರೆ ಮಾಸು ಕೆಳಗಿದ್ದವಳಿಗೆ ರಕ್ತ ಶುರುವಾಗುವುದು, ತವರಿಗೆ ಹೊರಡುವುದು ಎರಡೂ ಹೆಚ್ಚಾಗಿ ಒಂದೇ ಹೊತ್ತಿಗೆ ಕೂಡುತ್ತವೆ. ಅಲ್ಲಿಯವರೆಗೆ ತೋರಿಸಿದ ಡಾಕ್ಟರು ಒಂದೂರಲ್ಲಿ, ಬಸುರಿ ಇನ್ನೊಂದೂರಲ್ಲಿ.

ಹಾಗಾಗಿ ತವರಿನ ಬಗ್ಗೆ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಹಗಲು ರಾತ್ರಿ ಸಿಸೇರಿಯನ್ ಮಾಡುವ, ರಕ್ತ ಸಿಗುವ, ಎಳೆಗೂಸಿನ ಐಸಿಯು ಇರುವ ಆಸ್ಪತ್ರೆ ಅಲ್ಲಿಂದ ಎಷ್ಟು ಹೊತ್ತಿನ ದಾರಿ? ರಾತ್ರಿ ಆ ದಾರಿಗೆ ಗಾಡಿ ಸಿಗುತ್ತದೆಯೇ? ಉತ್ತರ ಸಮಾಧಾನ ಕೊಡದಿದ್ದರೆ ಮಗಳನ್ನು ಕರೆದೊಯ್ಯುವ ಬದಲು ತಾಯಿಯೇ ಮಗಳ ಹತ್ತಿರ ಬರಲಿ. ಬಳೆ ತೊಡಿಸುವುದು, ಆರತಿ ಎತ್ತುವುದು ಎಲ್ಲಿದ್ದರೂ ನಡೆಯುತ್ತದೆ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಮೈಸೂರಿನ ಚೆಲುವಾಂಬ, ಬೆಂಗಳೂರಿನ ವಾಣಿವಿಲಾಸ, ಮಂಗಳೂರಿನ ಲೇಡಿಗೋಷನ್ ಥರದ ದೊಡ್ಡ ಸರ್ಕಾರಿ ಆಸ್ಪತ್ರೆಯ ಹತ್ತಿರ ನೆಂಟರಿದ್ದರೆ ಕೊನೆಯ ಕೆಲವು ವಾರ ಅಲ್ಲೇ ಇರುವುದೂ ಒಳ್ಳೆಯ ದಾರಿ. ಒಮ್ಮೆ ರಕ್ತ ಹೋಗಿದ್ದರೆ, ಮನೆ ದೂರವಿದ್ದರೆ, ಡಾಕ್ಟರು ಅಡ್ಮಿಟ್ ಮಾಡಿಕೊಂಡು ಹೆರಿಗೆಯವರೆಗೂ ಇಟ್ಟುಕೊಳ್ಳಬಹುದು. ಜೈಲಲ್ಲಿ ಕೂತ ಹಾಗಾಗುತ್ತದೆ ಅನ್ನುತ್ತಾರೆ ಹೆಣ್ಣುಮಕ್ಕಳು, ನಿಜವೇ. ಊಟ ತಂದುಕೊಡುವ ನೆಪದಲ್ಲಿ ದಿನಾ ಯಾರಾದರೂ ಬಂದು ಕೂತು ಮಾತಾಡಿ.

ದುಬೈ, ಅಮೆರಿಕದಿಂದ ಬಾಣಂತನಕ್ಕೆ ಊರಿಗೆ ಬರುವ ಯೋಚನೆ ಇರುವವರಿಗೂ ಇದೇ ಮಾತು. ವಿಮಾನದವರು ಬಿಡುತ್ತಾರೋ ಇಲ್ಲವೋ ಎನ್ನುವುದು ಬೇರೆ ವಿಷಯ. ಆಕಾಶದಲ್ಲಿ ರಕ್ತ ಶುರುವಾದರೆ ಕೊಡಲು ಅಲ್ಲಿ ರಕ್ತ ಇರುವುದಿಲ್ಲ.

ರಕ್ತದ ಏರ್ಪಾಡು ಹೇಗೆ ಮಾಡಿಕೊಳ್ಳುವುದು?

ಮೊದಲು ನಿಮ್ಮ ಮೈಯಲ್ಲೇ ರಕ್ತ ಕೂಡಿಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12 ಇದ್ದವಳು ತಡೆದುಕೊಳ್ಳುವ ರಕ್ತಸ್ರಾವವನ್ನು 7 ಇದ್ದವಳು ತಡೆದುಕೊಳ್ಳಲಾರಳು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಗುಳಿಗೆಯನ್ನು ಚಹಾ ಕುಡಿದ ಬೆನ್ನಿಗೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಿ. ಗುಳಿಗೆ ಆಗಿಬರದಿದ್ದರೆ ಡ್ರಿಪ್ಪಿನಲ್ಲಿ ಕೊಡುವ ಕಬ್ಬಿಣವಿದೆ, ಕೇಳಿ.

ಇನ್ನು ದಾನಿಗಳು. ನಾನು ನೋಡಿದ ಒಬ್ಬ ಗಂಡ ತಾಯಿ ಕಾರ್ಡಿನ ಹಿಂದೆ ನಾಲ್ಕು ಹೆಸರು, ನಾಲ್ಕು ನಂಬರು ಬರೆದುಕೊಂಡಿದ್ದ. ಹೆಸರಿನ ಪಕ್ಕ ಕೊನೆಯ ಸಲ ಯಾವ ತಿಂಗಳು ರಕ್ತ ಕೊಟ್ಟರು ಅಂತಲೂ ಇತ್ತು. ಗಂಡಸರು ಒಮ್ಮೆ ಕೊಟ್ಟರೆ ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ, ಅದನ್ನೂ ಅವನು ಲೆಕ್ಕ ಹಾಕಿದ್ದ. ಎಲ್ಲರೂ ಹೀಗೆ ಮಾಡಲಿ ಅನ್ನಿಸಿತು. ನೆಗೆಟಿವ್ ಗುಂಪಾದರೆ ಎಂಟನೇ ತಿಂಗಳಲ್ಲೇ ರಕ್ತನಿಧಿಗೆ ತಿಳಿಸಿಡಿ. ಗಂಡನ ರಕ್ತವನ್ನೇ ಹೆಂಡತಿಗೆ ಏರಿಸುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ, ಮುಂದಿನ ಬಸಿರಿನಲ್ಲಿ ಮಗುವಿಗೆ ತೊಂದರೆ ಕೊಡುವ ಪ್ರತಿಕಾಯಗಳು ಹುಟ್ಟಬಹುದು. ಅವನು ರಕ್ತನಿಧಿಗೆ ಕೊಡಲಿ, ಅದು ಬೇರೆಯವರಿಗೆ ಆಗುತ್ತದೆ.

ನಾರ್ಮಲ್ ಹೆರಿಗೆ ಆಗುವುದೇ ಇಲ್ಲವಾ?

ಮಾಸು ಬಾಯಿಯನ್ನು ಮುಚ್ಚಿದ್ದರೆ ಇಲ್ಲ, ಸಿಸೇರಿಯನ್ನೇ. ಇಲ್ಲಿ ಹಟ ಬೇಡ. ಆಸ್ಪತ್ರೆಯವರು ದುಡ್ಡಿಗಾಗಿ ಕೊಯ್ಯುತ್ತಾರೆ ಎನ್ನುವ ಅನುಮಾನ ಬೇರೆ ಕಡೆ ಇರಬಹುದು, ಇದು ಅಂಥ ಜಾಗವಲ್ಲ. ಅಂಚು 20 ಮಿಲಿಮೀಟರಿಗಿಂತ ದೂರವಿದ್ದರೆ ನಾರ್ಮಲ್ ಹೆರಿಗೆಗೆ ಅಡ್ಡಿಯಿಲ್ಲ. 11ರಿಂದ 20ರ ನಡುವೆ ಇದ್ದರೆ ಸಜ್ಜಾದ ಆಸ್ಪತ್ರೆಯಲ್ಲಿ ಪ್ರಯತ್ನಿಸಬಹುದು, ಡಾಕ್ಟರ ಜೊತೆ ಕೂತು ಮಾತಾಡಿ.

ರಕ್ತ ಹೋಗದೆ ಸಮಾಧಾನವಾಗಿದ್ದರೆ ಸಾಮಾನ್ಯವಾಗಿ 36ರಿಂದ 37 ವಾರ ತುಂಬುವ ನಡುವೆ ದಿನ ಗೊತ್ತುಮಾಡುತ್ತಾರೆ. ಒಳ್ಳೆಯ ಮುಹೂರ್ತ ಹತ್ತು ದಿನ ಬಿಟ್ಟಿದೆ, ಅಲ್ಲಿಯವರೆಗೆ ತಳ್ಳಿ ಅಂತ ಕೇಳಬೇಡಿ. ಹೆರಿಗೆ ನೋವು ತಾನಾಗಿ ಶುರುವಾಗುವ ಮೊದಲು ಮುಗಿಸುವುದೇ ಇದರ ಉದ್ದೇಶ.

ಹಿಂದೆ ಸಿಸೇರಿಯನ್ ಆಗಿದೆ, ಈಗ ಮಾಸು ಕೆಳಗಿದೆ. ಡಾಕ್ಟರು ಯಾಕೆ ಅಷ್ಟು ಗಾಬರಿಯಾದರು?

ಹಳೆಯ ಹೊಲಿಗೆಯ ಗುರುತಿನ ಮೇಲೆ ಮಾಸು ಬೇರು ಬಿಟ್ಟರೆ ಅದು ಗೋಡೆಯೊಳಕ್ಕೇ ಇಳಿದು ಅಂಟಿಕೊಳ್ಳಬಹುದು. ಅಕ್ರೀಟಾ ಅನ್ನುತ್ತಾರೆ. ಕೆಲವೊಮ್ಮೆ ಮೂತ್ರಚೀಲದವರೆಗೂ ಹೋಗುತ್ತದೆ. ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಪ್ರೀವಿಯಾ ಇದ್ದು ಮೊದಲ ಸಿಸೇರಿಯನ್ ಆಗುತ್ತಿದ್ದವರಲ್ಲಿ 100ಕ್ಕೆ 3 ಮಂದಿಗೆ ಇದು ಕಂಡಿತು. ಎರಡನೇ ಸಿಸೇರಿಯನ್ನಿನವರಲ್ಲಿ 11, ಮೂರನೆಯದಾದರೆ 40. ಡಾಕ್ಟರ ಮುಖ ಗಂಭೀರವಾಗಿದ್ದು ಈ ಲೆಕ್ಕಕ್ಕೆ.

ಇಂಥವರು ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್, ಬೇಕಾದರೆ ಎಂಆರ್‌ಐ ಮಾಡಿಸಿ, ದೊಡ್ಡ ಆಸ್ಪತ್ರೆಯಲ್ಲೇ ಹೆರಬೇಕು. 34ರಿಂದ 36 ವಾರದೊಳಗೇ ಆಪರೇಷನ್ ಇಡುತ್ತಾರೆ. ಗರ್ಭಕೋಶ ತೆಗೆಯಬೇಕಾಗಬಹುದು ಎನ್ನುವ ಕಾಗದಕ್ಕೆ ಸಹಿ ಕೇಳುತ್ತಾರೆ. ಆ ಸಹಿ ಹಾಕುವಾಗ ಕೈ ನಡುಗುತ್ತದೆ, ಗೊತ್ತು. ಎಷ್ಟೋ ಸಲ ಅದರಿಂದಲೇ ಜೀವ ಉಳಿದಿದೆ.

ಮಗುವಿಗೆ ಏನಾದರೂ ಊನ ಬರುತ್ತದಾ?

ಇಲ್ಲ. ಮಗುವಿಗೆ ಇರುವ ದೊಡ್ಡ ಅಪಾಯ ಬೇಗ ಹುಟ್ಟುವುದು. ಬಾಗಿಲಲ್ಲಿ ಮಾಸು ಕೂತಿರುವುದರಿಂದ ತಲೆ ಕೆಳಗೆ ಇಳಿಯದೆ ಮಗು ಅಡ್ಡಲಾಗಿ ಇರುವುದೂ ಉಂಟು. ಹೇಗೂ ಸಿಸೇರಿಯನ್ ಆಗುವುದರಿಂದ ಅದರ ಚಿಂತೆ ಬೇಡ.

ಖರ್ಚು ತಡೆಯಲಾಗುತ್ತದಾ?

ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್, ಔಷಧ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲವೂ ಉಚಿತ. ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಡಾಕ್ಟರು ಉಚಿತವಾಗಿ ನೋಡುತ್ತಾರೆ. ಆ ದಿನ ಕಾರ್ಡಿನ ಮೇಲೆ ಹೆಚ್ಚು ಅಪಾಯದ ಗರ್ಭ ಎಂಬ ಗುರುತು ಹಾಕಿಸಿಕೊಳ್ಳಿ.

ಹೆರಿಗೆಯಾದ ಮೇಲೆ ಎಲ್ಲ ಮುಗಿಯಿತಲ್ಲವಾ? ಮುಂದಿನ ಬಸಿರಲ್ಲೂ ಹೀಗೇ ಆಗುತ್ತದಾ?

ಮೊದಲ 24 ಗಂಟೆ ನಾವು ನಿಮ್ಮನ್ನು ಪದೇ ಪದೇ ಎಬ್ಬಿಸುತ್ತೇವೆ, ಸಿಡುಕಬೇಡಿ. ಮಾಸು ಅಂಟಿದ್ದ ಕೆಳಭಾಗ ಮೇಲ್ಭಾಗದಷ್ಟು ಬಿಗಿಯಾಗಿ ಕುಗ್ಗುವುದಿಲ್ಲ, ಹೆರಿಗೆಯ ನಂತರವೂ ಅಲ್ಲಿಂದ ರಕ್ತ ಹೋಗಬಹುದು. ಮನೆಗೆ ಹೋದ ಮೇಲೆ ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ, ರಕ್ತದ ಗಡ್ಡೆ ಬೀಳುತ್ತಿದ್ದರೆ, ಬಾಣಂತಿಗೆ ಇದೆಲ್ಲ ಇದ್ದದ್ದೇ ಅಂತ ಸುಮ್ಮನಿರದೆ ವಾಪಸ್ ಬನ್ನಿ.

ಮುಂದಿನ ಸಲ ಮರುಕಳಿಸುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಆದರೂ ಬಹುಪಾಲು ಮಂದಿಗೆ ಮರುಕಳಿಸುವುದಿಲ್ಲ. ಎರಡು ವರ್ಷವಾದರೂ ಅಂತರ ಕೊಡಿ. ಈ ಸಲದ ಸ್ಕ್ಯಾನ್ ರಿಪೋರ್ಟು, ಡಿಸ್ಚಾರ್ಜ್ ಕಾಗದ ಎರಡನ್ನೂ ಮಗುವಿನ ಜನನ ಪ್ರಮಾಣಪತ್ರದ ಜೊತೆಗೇ ಇಡಿ. ಮತ್ತೆ ಬಸುರಾದಾಗ ಮೊದಲ ಭೇಟಿಯಲ್ಲೇ ಅವನ್ನು ಡಾಕ್ಟರ ಮೇಜಿನ ಮೇಲಿಟ್ಟು, ಕಳೆದ ಸಲ ಮಾಸು ಕೆಳಗಿತ್ತು ಅಂತ ಹೇಳಿ.